43 ನಿಮಿಷದ ಹಾರಾಟ, ಆರೂಮುಕ್ಕಾಲು ಗಂಟೆಯ ಪ್ರಯಾಣ: ಉಡುಪಿಯಿಂದ ಬೆಂಗಳೂರಿಗೆ ವಿಮಾನದಲ್ಲಿ

ಫೆಬ್ರವರಿಯಲ್ಲಿ ಅಕ್ಕನ ಮಗಳ ಮದುವೆ ಬೆಂಗಳೂರಿನ ಬಸವನಗುಡಿಯಲ್ಲಿ ನಿಶ್ಚಯವಾದಾಗ ನಮ್ಮ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಅಮ್ಮನನ್ನು ಕರೆದುಕೊಂಡು ಹೋಗುವುದು ಹೇಗೆ ಎಂಬುದು. ಅವರಿಗೆ ಎಪ್ಪತ್ತೆಂಟು ವರ್ಷ, ಸೊಂಟದ ಕೀಲು ಬದಲಿಸಿ ಆಗಿನ್ನೂ ಏಳು ತಿಂಗಳಾಗಿತ್ತು. ದೂರ ಮತ್ತು ಹಾರಾಟದ ಸಮಯ ಲೆಕ್ಕಹಾಕಿ ಕೊಡುವ ಒಂದು ಜಾಲತಾಣದಲ್ಲಿ ಉಡುಪಿ ಮತ್ತು ಬೆಂಗಳೂರು ಎಂದು ಹಾಕಿ ನೋಡಿದೆ. ದೂರ ಸುಮಾರು 310 ಕಿಲೋಮೀಟರ್, ಹಾರಾಟದ ಸಮಯ 53 ನಿಮಿಷ ಎಂದು ಬಂತು. ಅದನ್ನು ಓದಿ ಹೇಳಿದಾಗ ಅಮ್ಮ, "ಹಾಗಾದರೆ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋದಷ್ಟೇ ಹೊತ್ತು ಅಲ್ವಾ ಮಗಾ?" ಎಂದು ಕೇಳಿದರು. ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನೋಡಿ ನಾನು ಆ ಹೊತ್ತಿಗೆ ಏನನ್ನೂ ತಿದ್ದಿ ಹೇಳಲಿಲ್ಲ. ಆದರೆ ಹೊರಟ ಗಳಿಗೆಯಿಂದ ಮುಟ್ಟಿದ ಗಳಿಗೆಯವರೆಗೆ ಪ್ರತಿ ಹಂತದ ಸಮಯವನ್ನು ಬರೆದಿಟ್ಟುಕೊಳ್ಳಬೇಕೆಂದು ಅಂದೇ ತೀರ್ಮಾನಿಸಿದೆ. ಹಿರಿಯರನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗಬೇಕಾದ ಕರಾವಳಿಯ ಕುಟುಂಬಗಳಿಗೆ ಉಪಯೋಗವಾಗಲಿ ಎಂದು, ಆ ಟಿಪ್ಪಣಿಯ ಆಧಾರದ ಮೇಲೆ ಮಂಗಳೂರು–ಬೆಂಗಳೂರು ವಿಮಾನಸೇವೆಯ ಕುರಿತು ಇದನ್ನು ಬರೆಯುತ್ತಿದ್ದೇನೆ. ನಾವು ಪ್ರಯಾಣಿಸಿದ ವಿಮಾನಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ಮೊದಲಿಗೆ ಆ 310 ಮತ್ತು 53 ಎಂಬ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಉಡುಪಿಯಲ್ಲಿ ವಿಮಾನನಿಲ್ದಾಣವೇ ಇಲ್ಲ. ಇಂಥ ತಾಣಗಳು ಎರಡು ಊರುಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ತೆಗೆದುಕೊಂಡು, ಭೂಮಿಯ ದುಂಡನೆಯ ಮೈಮೇಲೆ ಅವುಗಳ ನಡುವೆ ದಾರ ಎಳೆದು ಹಿಡಿದರೆ ಎಷ್ಟು ಉದ್ದವಾಗುತ್ತದೋ ಅದನ್ನು ದೂರವೆಂದು ಕೊಡುತ್ತವೆ. ಆ ದೂರವನ್ನು ಜೆಟ್ ವಿಮಾನದ ಸಾಮಾನ್ಯ ವೇಗವಾದ ಗಂಟೆಗೆ 800 ಕಿಲೋಮೀಟರಿನಷ್ಟರಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸಿದರೆ 53 ನಿಮಿಷವಾಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ದಾರ ಕುದುರೆಮುಖದ ಸಾಲನ್ನು ಒಂದೇ ಎಳೆತಕ್ಕೆ ದಾಟುತ್ತದೆ. ನೆಲದ ಮೇಲೆ ಹೋಗುವವರು ಮಂಗಳೂರಿನಿಂದ ಬಿ.ಸಿ.ರೋಡ್, ಉಪ್ಪಿನಂಗಡಿ, ನೆಲ್ಯಾಡಿ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲ ಎಂದು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 350 ಕಿಲೋಮೀಟರ್ ಕ್ರಮಿಸಬೇಕು. ಉಡುಪಿಯಿಂದ ಹೊರಟವರಿಗೆ ಅದು 400ರ ಹತ್ತಿರ ಬರುತ್ತದೆ. ವಿಮಾನದಲ್ಲಿ ಹೋಗುವವರೂ ದಾರದ ಎರಡು ತುದಿಗಳಲ್ಲಿ ಏರಿ ಇಳಿಯುವುದಿಲ್ಲ. ಒಂದು ತುದಿ ಮಂಗಳೂರು ವಿಮಾನನಿಲ್ದಾಣವಿರುವ ಬಜ್ಪೆಯಲ್ಲಿದೆ, ಇನ್ನೊಂದು ಬೆಂಗಳೂರು ವಿಮಾನನಿಲ್ದಾಣವಿರುವ ದೇವನಹಳ್ಳಿಯಲ್ಲಿದೆ. ನಮ್ಮ ಪ್ರಯಾಣದ ಹೆಚ್ಚಿನ ಸಮಯ ಕಳೆದದ್ದು ಉಡುಪಿಗೂ ಬಜ್ಪೆಗೂ ನಡುವೆ, ದೇವನಹಳ್ಳಿಗೂ ಬಸವನಗುಡಿಗೂ ನಡುವೆ, ಮತ್ತು ಎರಡೂ ನಿಲ್ದಾಣಗಳ ಒಳಗೆ.

ಕುಂಜಿಬೆಟ್ಟಿನ ಮನೆಯಿಂದ ಬೆಳಿಗ್ಗೆ 6.15ಕ್ಕೆ ಹೊರಟೆವು. ಪಡುಬಿದ್ರಿ ಮತ್ತು ಹೆಜಮಾಡಿಯ ಟೋಲ್ ದಾಟಿ, ಮುಲ್ಕಿಯಲ್ಲಿ ಹೆದ್ದಾರಿಯನ್ನು ಬಿಟ್ಟು, ಕಿನ್ನಿಗೋಳಿ ಮತ್ತು ಕಟೀಲಿನ ಮೇಲಾಗಿ ಬಜ್ಪೆ ಸೇರಿದೆವು. ಒಟ್ಟು ಸುಮಾರು 55 ಕಿಲೋಮೀಟರ್. ಸುರತ್ಕಲ್, ಕೂಳೂರು, ಕಾವೂರು, ಮರವೂರು ಎಂದು ಸುತ್ತಿ ಹೋಗುವ ದಾರಿಯೂ ಇದೆ. ಆದರೆ ಬೆಳಗಿನ ಹೊತ್ತು ಕೂಳೂರಿನ ಕಡೆ ಲಾರಿಗಳ ಸಾಲು ಸಿಕ್ಕಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕಿನ್ನಿಗೋಳಿಯ ದಾರಿಯಲ್ಲಿ ತಿರುವುಗಳು ಹೆಚ್ಚು, ಅಗಲ ಕಡಿಮೆ, ಆದರೂ ಸಮಯದ ಭರವಸೆ ಇದೆ. ಕಟೀಲಿನಲ್ಲಿ ಕಾರನ್ನು ಎರಡು ನಿಮಿಷ ನಿಲ್ಲಿಸಿ ಅಮ್ಮ ಕುಳಿತಲ್ಲಿಂದಲೇ ದೇವಿಗೆ ಕೈಮುಗಿದರು. 7.40ಕ್ಕೆ ನಿಲ್ದಾಣದ ಬಾಗಿಲಲ್ಲಿ ಇದ್ದೆವು. ಮಂಗಳೂರು ನಗರದವರಿಗೆ ಈ ಭಾಗ ಬಹಳ ಹಗುರ. ಹಂಪನಕಟ್ಟೆಯಿಂದ ನಿಲ್ದಾಣಕ್ಕೆ ಹದಿಮೂರು ಕಿಲೋಮೀಟರಿನಷ್ಟೇ. ಕುಂದಾಪುರ, ಬೈಂದೂರಿನವರಿಗಾದರೆ ನಮಗಿಂತ ಇನ್ನೂ ಒಂದು, ಒಂದೂವರೆ ಗಂಟೆ ಹೆಚ್ಚು ಬೇಕು. ಆದ್ದರಿಂದ ಈ ಸೇವೆ ವೇಗದ್ದೋ ಅಲ್ಲವೋ ಎಂಬ ಪ್ರಶ್ನೆಗೆ ಕರಾವಳಿಯ ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ.

ಮಂಗಳೂರಿನಲ್ಲಿ ಗಾಲಿಕುರ್ಚಿಯ ವ್ಯವಸ್ಥೆ ನನಗೆ ಬಹಳ ಮೆಚ್ಚುಗೆಯಾಯಿತು. ಟಿಕೆಟ್ ಕಾದಿರಿಸುವಾಗಲೇ ಅದನ್ನು ಕೇಳಿದ್ದೆವು. ಬಾಗಿಲಿನಲ್ಲಿ ಹೆಸರು ಹೇಳಿದ ಐದು ನಿಮಿಷದಲ್ಲಿ ಕುರ್ಚಿ ಬಂತು, ತಳ್ಳಲು ಬಂದ ಹುಡುಗ ಅಮ್ಮನನ್ನು ತುಳುವಿನಲ್ಲೇ ಮಾತನಾಡಿಸಿದ. ಭದ್ರತಾ ತಪಾಸಣೆಯಲ್ಲಿ ಸೊಂಟದೊಳಗಿನ ಲೋಹಕ್ಕೆ ಯಂತ್ರ ಸದ್ದುಮಾಡಿದಾಗ ಮಹಿಳಾ ಸಿಬ್ಬಂದಿ ಅವರನ್ನು ಪರದೆಯ ಹಿಂದೆ ಕರೆದೊಯ್ದು, ಕುಳಿತಲ್ಲಿಯೇ ಪರೀಕ್ಷಿಸಿ, ಅವಸರವಿಲ್ಲದೆ ಕಳುಹಿಸಿಕೊಟ್ಟರು. ಶಸ್ತ್ರಚಿಕಿತ್ಸೆಯ ಪತ್ರವನ್ನು ಜೊತೆಯಲ್ಲಿ ಇಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ, ಆದರೂ ಇಟ್ಟುಕೊಳ್ಳುವುದು ಒಳ್ಳೆಯದೆಂದೇ ಹೇಳುತ್ತೇನೆ. ದೇಶದೊಳಗಿನ ಹಾರಾಟಕ್ಕೆ ಚೆಕ್-ಇನ್ ಕೌಂಟರನ್ನು ಸಾಮಾನ್ಯವಾಗಿ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ದೂರದ ಊರಿನಿಂದ ಬರುವವರು ದಾರಿಯ ಅನಿಶ್ಚಿತತೆಗೆ ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿಕೊಳ್ಳಲೇಬೇಕು. ನಾವು ಹಾಗೆ ಸೇರಿಸಿಕೊಂಡು ಒಳಗೆ ಒಂದೂವರೆ ಗಂಟೆಗೂ ಹೆಚ್ಚು ಕುಳಿತೆವು.

ಟಿಕೆಟ್ಟಿನಲ್ಲಿ 9.20ಕ್ಕೆ ಹೊರಟು 10.30ಕ್ಕೆ ತಲುಪುವುದೆಂದು ಬರೆದಿತ್ತು. ಈ 70 ನಿಮಿಷವನ್ನು ಜಾಲತಾಣದ 53 ನಿಮಿಷದೊಂದಿಗೆ ಹೋಲಿಸಿ ಹಲವರು ಗೊಂದಲಪಡುತ್ತಾರೆ. ವಿಮಾನಸಂಸ್ಥೆ ಬರೆಯುವುದು ಗಾಳಿಯಲ್ಲಿರುವ ಸಮಯವನ್ನಲ್ಲ. ಇಲ್ಲಿ ನಿಂತ ಜಾಗದಿಂದ ಚಕ್ರ ಕದಲಿದ ಗಳಿಗೆಯಿಂದ ಅಲ್ಲಿ ನಿಲ್ಲುವ ಜಾಗದಲ್ಲಿ ಚಕ್ರ ನಿಂತ ಗಳಿಗೆಯವರೆಗಿನ ಸಮಯ ಅದು. ರನ್‌ವೇ ತುದಿಗೆ ಉರುಳಿಕೊಂಡು ಹೋಗುವುದು, ಸರದಿಗಾಗಿ ಕಾಯುವುದು, ಇಳಿದ ಮೇಲೆ ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ನಿಲುಗಡೆಯವರೆಗೆ ಸಾಗುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ನಮ್ಮ ವಿಮಾನ 9.28ಕ್ಕೆ ಕದಲಿತು, 9.37ಕ್ಕೆ ನೆಲ ಬಿಟ್ಟಿತು, 10.20ಕ್ಕೆ ದೇವನಹಳ್ಳಿಯಲ್ಲಿ ನೆಲ ಮುಟ್ಟಿತು, 10.31ಕ್ಕೆ ನಿಂತಿತು. ಗಾಳಿಯಲ್ಲಿ ಇದ್ದದ್ದು 43 ನಿಮಿಷ.

ಬಜ್ಪೆ ಮತ್ತು ದೇವನಹಳ್ಳಿ ನಿಲ್ದಾಣಗಳ ನಡುವಿನ ನೇರ ದೂರ 307 ಕಿಲೋಮೀಟರಿನಷ್ಟಿದ್ದರೂ ಈ ನಿಮಿಷಗಳು ಪ್ರತಿದಿನವೂ ಒಂದೇ ಆಗಿರುವುದಿಲ್ಲ, ಅದಕ್ಕೆ ಗಾಳಿಯೇ ಮುಖ್ಯ ಕಾರಣ. ವಿಮಾನಗಳು ಎದುರುಗಾಳಿಗೆ ಮುಖಮಾಡಿಯೇ ಏರುತ್ತವೆ ಮತ್ತು ಇಳಿಯುತ್ತವೆ. ಕಡಲಿನಿಂದ ಗಾಳಿ ಬೀಸುವ ಹೊತ್ತಿನಲ್ಲಿ ಬಜ್ಪೆಯಿಂದ ಏರುವ ವಿಮಾನ ನೈರುತ್ಯಕ್ಕೆ, ಅಂದರೆ ಬೆಂಗಳೂರಿಗೆ ಬೆನ್ನುಹಾಕಿ ಕಡಲಿನ ಕಡೆಗೆ ಏರಿ, ಅಲ್ಲಿಂದ ತಿರುಗಿ ಪೂರ್ವಕ್ಕೆ ಹೊರಡಬೇಕು. ದೇವನಹಳ್ಳಿಯ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಅಲ್ಲಿ ಪೂರ್ವದಿಂದ ಗಾಳಿ ಬೀಸುವ ಚಳಿಗಾಲದಲ್ಲಿ ನಮ್ಮ ಕಡೆಯಿಂದ ಹೋದ ವಿಮಾನ ನೇರವಾಗಿ ಇಳಿಯಬಹುದು. ಪಡುವಣ ಗಾಳಿಯ ಮಳೆಗಾಲದಲ್ಲಾದರೆ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಹಿಂದಿರುಗಿ ಇಳಿಯಬೇಕು. ಹೀಗಾಗಿ ಅದೇ ಎರಡು ಊರುಗಳ ನಡುವೆ ಹತ್ತು ನಿಮಿಷ ಹೆಚ್ಚುಕಡಿಮೆಯಾಗುವುದು ಸಹಜ. ವಿಮಾನದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಪಂಖಗಳಿರುವ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿಲೋಮೀಟರಿನ ಆಸುಪಾಸು, ಜೆಟ್ಟಿನದು 800ಕ್ಕೂ ಮೇಲೆ. ಕೇಳಲು ದೊಡ್ಡ ಅಂತರವಾದರೂ ಇಷ್ಟು ಚಿಕ್ಕ ದೂರದಲ್ಲಿ ಅದು ಹೆಚ್ಚೆಂದರೆ ಕಾಲು ಗಂಟೆಯ ವ್ಯತ್ಯಾಸ ತರುತ್ತದೆ, ಏಕೆಂದರೆ ಜೆಟ್ ತನ್ನ ಪೂರ್ಣ ವೇಗದಲ್ಲಿ ಹೋಗುವ ಹೊತ್ತಿಗೆ ಇಳಿಯಲು ಆರಂಭಿಸುವ ಸಮಯ ಬಂದಿರುತ್ತದೆ. ಹಿರಿಯರ ಮಟ್ಟಿಗೆ ವೇಗಕ್ಕಿಂತ ಮುಖ್ಯವಾದದ್ದು ಬೇರೆ. ಜೆಟ್ಟಿಗೆ ಏರುಸೇತುವೆಯ ಮೂಲಕ ಸಮತಟ್ಟಾಗಿ ನಡೆದು ಹೋಗುವ ಅವಕಾಶ ಇರುತ್ತದೆ, ಎಟಿಆರ್‌ಗೆ ನೆಲದಿಂದ ಮೆಟ್ಟಿಲನ್ನೋ ಇಳಿಜಾರು ಹಲಗೆಯನ್ನೋ ಹತ್ತಬೇಕು. ಯಾವ ವಿಮಾನ ಎಂಬುದನ್ನು ಟಿಕೆಟ್ ಕಾದಿರಿಸುವ ಪುಟದಲ್ಲೇ ತೋರಿಸಿರುತ್ತಾರೆ, ಅದನ್ನು ನೋಡಿಯೇ ಹಣ ಕೊಡಿ.

ಆ 43 ನಿಮಿಷ ಹೇಗಿತ್ತು ಎಂದರೆ, ಅಮ್ಮನ ಪಾಲಿಗೆ ಅದು ಇಡೀ ಪ್ರಯಾಣದ ಸಾರ್ಥಕ ಭಾಗ. ಎಡಬದಿಯ ಕಿಟಕಿ ಅವರಿಗೆ ಸಿಕ್ಕಿತ್ತು. ಕೆಂಪು ಹಂಚಿನ ಮಾಡುಗಳು, ಅಡಿಕೆ ತೋಟಗಳ ಕಡುಹಸಿರು, ಅದರ ಆಚೆ ಮಂಜು ಹಿಡಿದ ಕುದುರೆಮುಖದ ಸಾಲು ಒಂದರ ಹಿಂದೆ ಒಂದು ಬಂದವು. ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಸೀಟಿನ ಸರಳು ಹಿಡಿದು ರಾತ್ರಿಯಿಡೀ ಎಚ್ಚರವಾಗಿ ಕುಳಿತಿರುತ್ತಿದ್ದ ಅವರು ಅದೇ ಘಟ್ಟವನ್ನು ಹತ್ತೇ ನಿಮಿಷದಲ್ಲಿ, ನೋವಿಲ್ಲದೆ, ಮೇಲಿನಿಂದ ನೋಡುತ್ತ ದಾಟಿದರು. ಸಕಲೇಶಪುರದ ಆಚೆ ಹಸಿರು ತೆಳುವಾಗಿ ಕೆರೆಗಳ ನಾಡು ತೆರೆದುಕೊಂಡ ಹೊತ್ತಿಗೆ ಇಳಿಯುವ ಸೂಚನೆ ಬಂತು.

ಬೆಂಗಳೂರಿನಲ್ಲಿ ಅನುಭವ ಅಷ್ಟು ಚೆನ್ನಾಗಿರಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ, ಕೇಳಿಟ್ಟಿದ್ದ ಗಾಲಿಕುರ್ಚಿಗಾಗಿ ವಿಮಾನದ ಬಾಗಿಲಲ್ಲೇ ಹದಿನಾಲ್ಕು ನಿಮಿಷ ಕಾದೆವು. ಮುಂಚೆಯೇ ತಿಳಿಸಿದ ವಿಷಯಕ್ಕೆ ಇಷ್ಟು ಕಾಯಿಸುವುದು ತಪ್ಪು ಎಂದು ಸಂಸ್ಥೆಗೆ ಬರೆದಿದ್ದೇನೆ. ಕೀಲು ಬದಲಿಸಿಕೊಂಡವರಿಗೆ ಹದಿನಾಲ್ಕು ನಿಮಿಷ ನಿಲ್ಲುವುದೂ ಕಷ್ಟ, ಇಕ್ಕಟ್ಟಿನ ಸೀಟಿಗೆ ಮರಳಿ ಕೂರುವುದೂ ಕಷ್ಟ. ಕುರ್ಚಿ ಬಂದ ನಂತರ ಮಾತ್ರ ಲಿಫ್ಟು, ಲಗೇಜು, ಟ್ಯಾಕ್ಸಿಯವರೆಗೆ ಎಲ್ಲವನ್ನೂ ಆ ಸಿಬ್ಬಂದಿಯೇ ನೋಡಿಕೊಂಡರು. 11.20ಕ್ಕೆ ಟ್ಯಾಕ್ಸಿ ಹತ್ತಿದೆವು. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ತೆರೆಯುವ ಮೊದಲು ಎಚ್‌ಎಎಲ್ ನಿಲ್ದಾಣದಲ್ಲಿ ಇಳಿದವರಿಗೆ ಊರು ಹತ್ತಿರವಿತ್ತು. ಈಗ ಮೆಜೆಸ್ಟಿಕ್ ಮುಟ್ಟಲು 35 ಕಿಲೋಮೀಟರ್, ಬಸವನಗುಡಿಗೆ ಇನ್ನೂ ಹೆಚ್ಚು. ಹೆಬ್ಬಾಳದವರೆಗೆ ಸರಾಗವಾಗಿ ಬಂದು ಅಲ್ಲಿಂದ ನಿಂತು ನಿಂತು ಸಾಗಿದ ನಾವು ಅಕ್ಕನ ಮನೆಯ ಗೇಟು ಮುಟ್ಟಿದಾಗ ಮಧ್ಯಾಹ್ನ ಸರಿಯಾಗಿ ಒಂದು ಗಂಟೆ. ಒಟ್ಟು ಆರೂಮುಕ್ಕಾಲು ಗಂಟೆ. ಅದರಲ್ಲಿ ಹಾರಿದ ಸಮಯ ಒಂಬತ್ತರಲ್ಲಿ ಒಂದು ಪಾಲೂ ಇಲ್ಲ. ಲಗೇಜು ಕಡಿಮೆ ಇರುವ, ನಡೆಯಬಲ್ಲ ಪ್ರಯಾಣಿಕರಿಗೆ ನಿಲ್ದಾಣದಿಂದ ಊರಿನೊಳಗೆ ಹೋಗುವ ವಾಯುವಜ್ರ ಬಸ್ಸು ಒಳ್ಳೆಯ ಆಯ್ಕೆ. ನಾನೊಬ್ಬನೇ ಹೋದಾಗಲೆಲ್ಲ ಅದರಲ್ಲೇ ಹೋಗುತ್ತೇನೆ.

ಈಗ ಇದನ್ನು ಬಸ್ಸು ಮತ್ತು ರೈಲಿನ ಪಕ್ಕದಲ್ಲಿ ಇಟ್ಟು ನೋಡೋಣ. ಉಡುಪಿಯಿಂದ ರಾತ್ರಿ ಬಸ್ಸು ಒಂಬತ್ತರಿಂದ ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಕಾರವಾರದಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿಯಲ್ಲಿ ನಿಂತು, ಮಂಗಳೂರು ನಗರದ ಒಳಗೆ ಹೋಗದೆ ಪಡೀಲಿನ ಮೂಲಕ ಪುತ್ತೂರಿನ ಹಾದಿ ಹಿಡಿಯುವುದರಿಂದ ಉಡುಪಿಯವರಿಗೆ ಬಹಳ ಅನುಕೂಲ, ಅದೂ ಸುಮಾರು ಹತ್ತು ಗಂಟೆ. ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಿನ 55 ಕಿಲೋಮೀಟರ್ ಘಟ್ಟದಲ್ಲಿ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದಾದ ಏರು ಇದೆ, ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಅಲ್ಲಿ ರೈಲು ಬಹಳ ನಿಧಾನವಾಗಿಯೇ ಹೋಗಬೇಕು, ಅದನ್ನು ದೂರುವಂತಿಲ್ಲ. ಗಡಿಯಾರದ ಲೆಕ್ಕದಲ್ಲಿ ವಿಮಾನ ಉಳಿಸಿದ್ದು ಮೂರು ಗಂಟೆ ಮಾತ್ರ. ಆದರೆ ಬಸ್ಸು ಮತ್ತು ರೈಲಿನ ಹತ್ತು ಗಂಟೆ ರಾತ್ರಿ ನಿದ್ರೆಯಲ್ಲಿ ಕಳೆಯುತ್ತದೆ, ವಿಮಾನದ ಆರೂಮುಕ್ಕಾಲು ಗಂಟೆ ಹಗಲನ್ನೇ ನುಂಗುತ್ತದೆ. ಖರ್ಚಿನ ವಿಷಯಕ್ಕೆ ಬಂದರೆ, ನಮಗೆ ತಲೆಗೆ 3,400 ರೂಪಾಯಿಯ ಟಿಕೆಟ್, ಬಜ್ಪೆಗೆ ಕಾರಿಗೆ 1,600, ಬೆಂಗಳೂರಿನ ಟ್ಯಾಕ್ಸಿಗೆ 1,250 ಬಿತ್ತು. ಇಬ್ಬರಿಗೆ ಒಟ್ಟು 9,650 ರೂಪಾಯಿ. ಆರೋಗ್ಯವಾಗಿರುವ, ರಾತ್ರಿ ಮಲಗಿ ಹೋಗಬಲ್ಲ ಉಡುಪಿಯವರಿಗೆ ಈ ಸೇವೆಯಿಂದ ಸಮಯ ಉಳಿಯುತ್ತದೆಂದು ನಾನು ಹೇಳಲಾರೆ. ಅವರು ಪಂಚಗಂಗಾದಲ್ಲೇ ಹೋಗಲಿ. ಮಂಗಳೂರು ನಗರದಲ್ಲಿ ವಾಸವಿದ್ದು, ಬೆಂಗಳೂರಿನ ಉತ್ತರ ಭಾಗದಲ್ಲಿ ಯಲಹಂಕ, ಹೆಬ್ಬಾಳದ ಕಡೆ ಕೆಲಸವಿರುವವರಿಗೆ ಮಾತ್ರ ಇದು ನಿಜವಾಗಿ ವೇಗದ ಸೇವೆ.

ಮಳೆಗಾಲದ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಎರಡು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಹಿಂದಿರುಗುವಾಗ ಬಜ್ಪೆಯ ಮೇಲೆ ಮೋಡ ದಟ್ಟವಾಗಿ ಕವಿದು, ವಿಮಾನ ಅರ್ಧ ಗಂಟೆ ಆಕಾಶದಲ್ಲೇ ಸುತ್ತಿ, ಕೊನೆಗೆ ಬೆಂಗಳೂರಿಗೇ ಮರಳಿತು. ಹೊರಟಲ್ಲಿಗೇ ಬಂದು ಇಳಿದಾಗ ಪಕ್ಕದಲ್ಲಿದ್ದವರೊಬ್ಬರು ಸಿಬ್ಬಂದಿಯ ಮೇಲೆ ಕೂಗಾಡಿದರು. ನನಗೆ ಆ ಕೋಪ ಸರಿಯೆನಿಸಲಿಲ್ಲ. ಬಜ್ಪೆಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು, ರನ್‌ವೇ ಮುಗಿದಲ್ಲಿ ಕಣಿವೆ ಇದೆ. 2006ರಿಂದ ಬಳಕೆಯಲ್ಲಿರುವ ದೊಡ್ಡ ರನ್‌ವೇ 2,450 ಮೀಟರ್ ಉದ್ದದ್ದು. ಕಡಲಿನಿಂದ ಬರುವ ಮೋಡ ಘಟ್ಟದ ಕಡೆಗೆ ಏರುವ ಹಾದಿಯಲ್ಲಿ ಈ ಗುಡ್ಡಗಳ ಮೇಲೆಯೇ ಕೂರುತ್ತದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಇದೇ ರನ್‌ವೇಯನ್ನು ಮೀರಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಎಂಟು ಮಂದಿ ಮಾತ್ರ ಬದುಕಿದರು. ಅಂದಿನ ಆ ಸುದ್ದಿ ಮುಟ್ಟದ ಮನೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಇರಲಿಲ್ಲ. ರನ್‌ವೇ ಸ್ಪಷ್ಟವಾಗಿ ಕಾಣದಿದ್ದರೆ ಪೈಲಟ್ ಇಳಿಸದೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗುವುದು ನಮ್ಮ ಹಿತಕ್ಕಾಗಿಯೇ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಅದೇ ದಿನ ಮುಟ್ಟಲೇಬೇಕಾದ ಕೆಲಸಕ್ಕೆ ದಿನದ ಕೊನೆಯ ವಿಮಾನವನ್ನು ನೆಚ್ಚಬೇಡಿ. ಬೆಳಗ್ಗಿನದನ್ನು ಹಿಡಿದರೆ ಒಂದು ತಪ್ಪಿದರೂ ಇನ್ನೊಂದಕ್ಕೆ ಹೊತ್ತು ಉಳಿದಿರುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಈಚೆಗೆ ಪ್ರತಿ ಮಳೆಗಾಲದ ಆತಂಕವಾಗಿದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಬುಡದ ಮಣ್ಣು ಜಾರಿ ರೈಲುಗಳೂ ನಿಂತುಹೋದವು. ಅಂಥ ದಿನಗಳಲ್ಲಿ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಸುತ್ತಿ ಹೋಗಲಾರದವರಿಗೆ ಉಳಿಯುವುದು ಈ ವಿಮಾನ ಒಂದೇ. ಆಗ ದರ ಏರುತ್ತದೆ, ಸೀಟೂ ಸಿಗುವುದಿಲ್ಲ. ಕರಾವಳಿಗೆ ರಾಜಧಾನಿಯ ದಾರಿಯೇ ಕಡಿದುಹೋದ ಹೊತ್ತಿನಲ್ಲಿ ಈ ಮಾರ್ಗಕ್ಕೆ ಹೆಚ್ಚಿನ ವಿಮಾನಗಳನ್ನು ಹಾಕಬೇಕೆಂಬುದು ನನ್ನ ಕಳಕಳಿಯ ಒತ್ತಾಯ.

ದೂರ ಹೆಚ್ಚಿದಂತೆ ಲೆಕ್ಕ ಬದಲಾಗುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಮುಂಬಯಿಗೆ ಬಜ್ಪೆಯಿಂದ ನೇರ ದೂರ ಸುಮಾರು 710 ಕಿಲೋಮೀಟರ್, ಟಿಕೆಟ್ಟಿನ ಸಮಯ ಒಂದೂವರೆ ಗಂಟೆಯ ಆಸುಪಾಸು. ಮತ್ಸ್ಯಗಂಧಾ ರೈಲಿನಲ್ಲಿ ಹೋದರೆ ಸುಮಾರು ಹದಿನೈದು ಗಂಟೆ. ಅಲ್ಲಿ ವಿಮಾನನಿಲ್ದಾಣ ಊರಿನೊಳಗೇ ಇರುವುದರಿಂದ ಉಡುಪಿಯವರಿಗೂ ವಿಮಾನ ಅರ್ಧದಷ್ಟು ಸಮಯ ಉಳಿಸುತ್ತದೆ. ದುಬೈಗೆ ನೇರ ದೂರ 2,460 ಕಿಲೋಮೀಟರಿನಷ್ಟು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಹೋಗುವಾಗಿನ ಟಿಕೆಟ್ಟಿನಲ್ಲಿ ಪ್ರಯಾಣ ಎರಡೇ ಗಂಟೆಯದ್ದೆಂಬಂತೆಯೂ ಬರುವಾಗ ಐದು ಗಂಟೆಯದ್ದೆಂಬಂತೆಯೂ ಕಾಣುತ್ತದೆ. ಮಕ್ಕಳನ್ನು ನೋಡಲು ಮೊದಲ ಬಾರಿ ಹೊರಡುವ ಹಿರಿಯರಿಗೆ ಇದನ್ನು ಮೊದಲೇ ವಿವರಿಸಿ ಹೇಳಿ, ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನೂ ಬರೆದುಕೊಡಿ.

ನಮ್ಮ ಮಾರ್ಗಕ್ಕೆ ಮರಳಿದರೆ, ಹಿರಿಯರಿಗೆ ಮತ್ತು ಕಾಯಿಲೆಯಿಂದ ಎದ್ದವರಿಗೆ ಇದು ಐದರಲ್ಲಿ ನಾಲ್ಕು ಅಂಕದ ಸೇವೆ. ಬೆಂಗಳೂರಿನ ಆ ಹದಿನಾಲ್ಕು ನಿಮಿಷ ಇಲ್ಲದಿದ್ದರೆ ಪೂರ್ತಿ ಐದನ್ನೂ ಕೊಡುತ್ತಿದ್ದೆ. ಉಡುಪಿಯ ಉಳಿದ ಪ್ರಯಾಣಿಕರಿಗಾದರೆ ಎರಡೂವರೆ. ಮದುವೆ ಮುಗಿದು ನಾಲ್ಕು ದಿನಗಳ ನಂತರ ಅದೇ ಸಂಸ್ಥೆಯ ಮಧ್ಯಾಹ್ನದ ವಿಮಾನದಲ್ಲಿ ಮರಳಿದೆವು. ಈ ಬಾರಿ ಕುರ್ಚಿ ಎರಡೂ ಕಡೆ ಹೊತ್ತಿಗೆ ಸರಿಯಾಗಿ ಬಂತು. ಹಾರಾಟ 46 ನಿಮಿಷ, ಮನೆಯಿಂದ ಮನೆಗೆ ಆರೂವರೆ ಗಂಟೆ. ಕಡಲು ಕಂಡ ಕೂಡಲೇ ಅಮ್ಮ ನನ್ನ ಕೈ ಹಿಡಿದು ತೋರಿಸಿದರು. ಮೇ ತಿಂಗಳಲ್ಲಿ ಅಕ್ಕನ ಮನೆಗೆ ಇನ್ನೊಮ್ಮೆ ಹೋಗುವುದಿದೆ. ಬೆಳಗ್ಗಿನ ಜೆಟ್ಟಿಗೆ, ಎಡಬದಿಯ ಕಿಟಕಿಗೆ, ಗಾಲಿಕುರ್ಚಿ ಬರೆಸಿ ಅವರ ಟಿಕೆಟ್ಟನ್ನು ಈಗಾಗಲೇ ಕಾದಿರಿಸಿದ್ದೇನೆ.